ಪ್ರಯೋಗದ ಗದ್ದೆ ಮತ್ತು ಪಾಠಶಾಲೆ: ಭಾವೀ ಶಿಕ್ಷಣಾಡಳಿತಗಾರರ ಸಂಶೋಧನಾ ಕಲಿಕೆಯನ್ನು ಕುರಿತು

1

ಮಂಡ್ಯದ ಸಮೀಪದಲ್ಲಿರುವ ವಿ.ಸಿ. ಫಾರಂ ಕನ್ನಡಿಗರಿಗೆ ಮುಖ್ಯವಾಗಿ ಕೃಷಿ ಸಂಶೋಧನೆಯ ನೆಲೆಯಾಗಿ ಪರಿಚಿತವಾಗಿದೆ. ಅದರ ಹೆಸರಿನಲ್ಲಿಯೇ ನೀರಿನ ಚರಿತ್ರೆಯಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡ ಕಾರ್ಯ ಮುಗಿಯುತ್ತ ಬಂದ ಕಾಲದಲ್ಲಿ ಇರ್ವಿನ್ ನಾಲೆಯೆಂದು ಕರೆಯಿಸಿಕೊಂಡು, ಅನಂತರ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣ ಭೂಮಿಯನ್ನು ತಲುಪಿತು. ತಲೆಮಾರುಗಳಿಂದ ರಾಗಿ, ಹುರುಳಿಗಳನ್ನು ಮಳೆಯ ಆಶ್ರಯದಲ್ಲಿ ಬೆಳೆಯುತ್ತಿದ್ದ ರೈತನಿಗೆ ಭತ್ತ ಮತ್ತು ಕಬ್ಬುಗಳ ಬೇಸಾಯ ಹೊಸದು. ಯಾವ ತಳಿ, ಎಷ್ಟು ನೀರು, ಯಾವ ಕಾಲ ಎಂಬ ಪ್ರಶ್ನೆಗಳಿಗೆ ಹಿರಿಯರ ಅನುಭವದಲ್ಲಿ ಸಿದ್ಧ ಉತ್ತರವಿರಲಿಲ್ಲ. ಆ ಉತ್ತರಗಳನ್ನು ಹುಡುಕುವುದಕ್ಕಾಗಿ 1930ರ ದಶಕದ ಆರಂಭದಲ್ಲಿ ಈ ಕ್ಷೇತ್ರ ರೂಪುಗೊಂಡಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಸಂಶೋಧನಾ ವ್ಯವಸ್ಥೆಯ ಭಾಗವಾಗಿ ಬೆಳೆಯಿತು. ಭಾರತೀಯ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ನೀಡಿದ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರ ಕಾರ್ಯಕ್ಷೇತ್ರ ಇದೇ. 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಎಂಬ ಸಂಕರಣ ಭತ್ತದ ತವರೂ ಇದೇ.

ಮಂಡ್ಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದೂ ಇದೇ ವಿ.ಸಿ. ಫಾರಂನಲ್ಲಿ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದ ಜಿಲ್ಲೆಗಳಲ್ಲಿ ಹುಟ್ಟಿಕೊಂಡ ಈ ಸಂಸ್ಥೆಗಳಿಗೆ ಅಧ್ಯಾಪಕ ಶಿಕ್ಷಣದ ಜೊತೆಗೆ ಇನ್ನೊಂದು ಹೊಣೆಯನ್ನೂ ವಹಿಸಲಾಗಿತ್ತು. ಜಿಲ್ಲೆಯ ಶಾಲೆಗಳ ಸಮಸ್ಯೆಗಳನ್ನು ಕುರಿತು ಕ್ರಿಯಾ ಸಂಶೋಧನೆ ನಡೆಸುವುದು ಮತ್ತು ನಡೆಸಲು ಕಲಿಸುವುದೇ ಆ ಹೊಣೆ. ಒಂದೇ ನೆರೆಯಲ್ಲಿ ಭತ್ತದ ತಳಿಯನ್ನು ಪರೀಕ್ಷಿಸುವ ಗದ್ದೆಯೂ ಶಾಲೆಯ ಸುಧಾರಣೆಯನ್ನು ಪರೀಕ್ಷಿಸಬೇಕಾದ ಸಂಸ್ಥೆಯೂ ಇವೆ. ಈ ನೆರೆಹೊರೆಯನ್ನು ಕೇವಲ ಭೌಗೋಳಿಕ ಆಕಸ್ಮಿಕವೆಂದು ಬಿಟ್ಟುಬಿಡಬಹುದು. ಆದರೆ ಗದ್ದೆಯಲ್ಲಿ ಪ್ರತಿಯೊಂದು ಹೇಳಿಕೆಗೂ ಕೇಳಲಾಗುವ ಸಾಕ್ಷ್ಯವನ್ನು ಶಾಲೆಯಲ್ಲಿ ಏಕೆ ಕೇಳಲಾಗುತ್ತಿಲ್ಲ ಎಂಬ ಪ್ರಶ್ನೆಯನ್ನು ಅದು ಅನಿವಾರ್ಯವಾಗಿ ಎತ್ತುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಮುಂದೆ ಮುಖ್ಯೋಪಾಧ್ಯಾಯರು, ಸಮೂಹ ಸಂಪನ್ಮೂಲ ವ್ಯಕ್ತಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಉಪನಿರ್ದೇಶಕರು ಆಗಲಿರುವವರು ಶಾಲಾ ಸುಧಾರಣೆಯ ಸಂಶೋಧನೆಯನ್ನು ಹೇಗೆ ಕಲಿಯಬೇಕು, ಆ ಕಲಿಕೆಯಲ್ಲಿ ಕನ್ನಡ ಅಧ್ಯಯನ ವಿಭಾಗಗಳ ಪಾತ್ರವೇನು ಎಂಬುದನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಶಿಕ್ಷಣಾಡಳಿತಗಾರನು ತನ್ನ ವೃತ್ತಿಯಲ್ಲಿ ಮೊದಲು ಕಲಿಯುವುದು ತಪಾಸಣೆಯನ್ನು. ತಪಾಸಣೆ ಮತ್ತು ಸಂಶೋಧನೆ ಮೇಲ್ನೋಟಕ್ಕೆ ಒಂದೇ ಬಗೆಯ ಕೆಲಸಗಳಂತೆ ತೋರುತ್ತವೆ. ಎರಡರಲ್ಲಿಯೂ ಶಾಲೆಗೆ ಭೇಟಿ ನೀಡುವುದು, ದಾಖಲೆ ನೋಡುವುದು, ಮಕ್ಕಳನ್ನು ಪ್ರಶ್ನಿಸುವುದು, ವರದಿ ಬರೆಯುವುದು ಇವೆ. ಆದರೆ ಇವುಗಳ ತಾತ್ತ್ವಿಕ ನೆಲೆಗಳು ಬೇರೆ ಬೇರೆ. ತಪಾಸಣೆಯು ಇರುವುದನ್ನು ನಿಯಮದೊಡನೆ ಹೋಲಿಸುತ್ತದೆ. ಸಂಶೋಧನೆಯು ಇರುವುದನ್ನು ಒಂದು ಪ್ರಶ್ನೆಯೊಡನೆ ಮುಖಾಮುಖಿಯಾಗಿಸುತ್ತದೆ. ತಪಾಸಣೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಶಾಲೆ ಸರಿಹೊಂದಿದೆಯೇ ಇಲ್ಲವೇ ಎಂಬುದಷ್ಟೇ ವಿಷಯ. ಸಂಶೋಧನೆಯಲ್ಲಿ ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದರಿಂದಲೇ ಕೆಲಸ ಆರಂಭವಾಗುತ್ತದೆ. ಅಧಿಕಾರದ ಕುರ್ಚಿಯಲ್ಲಿ ಕುಳಿತವನಿಗೆ ಈ ಒಪ್ಪಿಗೆ ಸುಲಭವಲ್ಲ.

ಕ್ರಿಯಾ ಸಂಶೋಧನೆಯೆಂಬ ಪರಿಕಲ್ಪನೆಯನ್ನು 1940ರ ದಶಕದಲ್ಲಿ ಅಮೆರಿಕದ ಕರ್ಟ್ ಲೆವಿನ್ ರೂಪಿಸಿದನು. 1953ರಲ್ಲಿ ಸ್ಟೀಫನ್ ಕೋರಿ ಅದನ್ನು ಶಾಲೆಯ ದೈನಂದಿನ ಆಚರಣೆಗೆ ಅನ್ವಯಿಸಿ ಗ್ರಂಥ ರಚಿಸಿದನು. ಯಾರು ಬದಲಾವಣೆಯನ್ನು ಮಾಡಬೇಕೋ ಅವರೇ ಅದರ ಪರಿಣಾಮವನ್ನೂ ಶೋಧಿಸಬೇಕೆಂಬುದು ಇದರ ತಿರುಳು. ಕರ್ನಾಟಕದಲ್ಲಿ ಅಧ್ಯಾಪಕ ಶಿಕ್ಷಣದ ಪಠ್ಯಕ್ರಮಗಳಿಗೆ ಈ ಪರಿಕಲ್ಪನೆ ಬಂದು ಬಹಳ ಕಾಲವಾಯಿತು. ಆದರೆ ಬಂದ ರೀತಿಯಲ್ಲಿಯೇ ಅದರ ಸೋಲೂ ಅಡಗಿದೆ. ಸಮಸ್ಯೆಯ ಶೀರ್ಷಿಕೆ, ಸಂಭವನೀಯ ಕಾರಣಗಳು, ಪ್ರಾಕ್ಕಲ್ಪನೆ, ಕಾರ್ಯಯೋಜನೆ, ಪೂರ್ವ ಪರೀಕ್ಷೆ, ಅಂತಿಮ ಪರೀಕ್ಷೆ, ಉಪಸಂಹಾರ ಎಂಬ ಅಂಕಣಗಳ ಒಂದು ನಮೂನೆ ಸಿದ್ಧವಾಗಿದೆ. ಪ್ರಶಿಕ್ಷಣಾರ್ಥಿ ಆ ಅಂಕಣಗಳನ್ನು ತುಂಬುತ್ತಾನೆ. ಇಂತಹ ವರದಿಗಳ ಸಾಮಾನ್ಯ ಲಕ್ಷಣವೆಂದರೆ ಅವುಗಳಲ್ಲಿ ಸೋಲು ಕಾಣುವುದು ಅಪರೂಪ. ಪೂರ್ವ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಕ್ಕಳು ಕೆಲವು ವಾರಗಳ ಪರಿಹಾರ ಬೋಧನೆಯ ನಂತರ ಹೆಚ್ಚು ಅಂಕ ಪಡೆಯುತ್ತಾರೆ, ಪ್ರಾಕ್ಕಲ್ಪನೆ ಸಮರ್ಥಿತವಾಗುತ್ತದೆ, ಕಡತ ಮುಚ್ಚುತ್ತದೆ.

ಈ ಯಶಸ್ಸಿನ ವಿವರಣೆ ಅನೇಕ ವೇಳೆ ಬೋಧನೆಯಲ್ಲಿಲ್ಲ. ಅತ್ಯಂತ ಕಡಿಮೆ ಅಂಕ ಪಡೆದವರನ್ನು ಮಾತ್ರ ಆರಿಸಿಕೊಂಡು ಮತ್ತೊಮ್ಮೆ ಪರೀಕ್ಷಿಸಿದರೆ, ಏನನ್ನೂ ಮಾಡದಿದ್ದರೂ ಅವರ ಸರಾಸರಿ ಸ್ವಲ್ಪ ಮೇಲೇರುವುದು ಸಹಜ. ಮೊದಲ ದಿನ ಜ್ವರದಲ್ಲಿ ಬರೆದ ಮಗು ಎರಡನೆಯ ದಿನ ಚೇತರಿಸಿಕೊಂಡಿರುತ್ತದೆ. ಮೊದಲ ಪ್ರಶ್ನೆಪತ್ರಿಕೆಯ ಅಭ್ಯಾಸವೇ ಎರಡನೆಯದಕ್ಕೆ ನೆರವಾಗಿರುತ್ತದೆ. ಆ ವಾರಗಳಲ್ಲಿ ಮಗು ಬೆಳೆದೂ ಇರುತ್ತದೆ. ಇವನ್ನೆಲ್ಲ ಬೇರ್ಪಡಿಸಿ ನೋಡುವ ಉಪಾಯವೊಂದು ಪಕ್ಕದ ಗದ್ದೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹೊಸ ತಳಿಯನ್ನು ಬಿತ್ತಿದ ತಾಕಿನ ಬದಿಯಲ್ಲಿ ರೈತ ಈಗಾಗಲೇ ಬೆಳೆಯುತ್ತಿರುವ ತಳಿಯ ತಾಕು ಒಂದಿರಬೇಕು ಎಂಬುದೇ ಆ ಉಪಾಯ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲ ತಾಕುಗಳೂ ಚೆನ್ನಾಗಿ ಬೆಳೆಯುತ್ತವೆ. ಹೋಲಿಕೆಯ ತಾಕು ಇಲ್ಲದವನು ಮಳೆಯ ಕೀರ್ತಿಯನ್ನು ತನ್ನ ಬೀಜಕ್ಕೆ ಕಟ್ಟುತ್ತಾನೆ.

3

ಶಿಕ್ಷಣದ ಪ್ರಾಯೋಗಿಕ ಸಂಶೋಧನೆ ತನ್ನ ತರ್ಕದ ಬಹುಭಾಗವನ್ನು ಹೊಲಗದ್ದೆಗಳಿಂದಲೇ ಪಡೆದಿದೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು ಸೇರಿದ ಆರ್.ಎ. ಫಿಷರ್ ಅಲ್ಲಿನ ಬೆಳೆಗಳ ದಾಖಲೆಗಳನ್ನು ಪರಿಶೀಲಿಸುತ್ತ ಮೂರು ಸೂತ್ರಗಳನ್ನು ನೆಲೆಗೊಳಿಸಿದನು. ಒಂದೇ ಪ್ರಯೋಗವನ್ನು ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು. ಯಾವ ತಾಕಿಗೆ ಯಾವ ಉಪಚಾರವೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಬೇಕು. ಮಣ್ಣಿನ ಏರುಪೇರುಗಳನ್ನು ಗುರುತಿಸಿ ಸಮಾನವಾದ ತಾಕುಗಳನ್ನು ಒಟ್ಟಿಗಿಟ್ಟು ಹೋಲಿಸಬೇಕು. ಈ ಮೂರರಲ್ಲಿ ಎರಡನೆಯದು ಆಡಳಿತಗಾರನಿಗೆ ಅತ್ಯಂತ ಕಷ್ಟವಾದದ್ದು. ಏಕೆಂದರೆ ಆಯ್ಕೆಯ ಅಧಿಕಾರವನ್ನು ಅವನು ತನ್ನ ಕೈಯಿಂದ ಬಿಟ್ಟುಕೊಡಬೇಕಾಗುತ್ತದೆ.

ಬಿಟ್ಟುಕೊಡದಿದ್ದರೆ ಏನಾಗುತ್ತದೆಂಬುದಕ್ಕೆ 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರಿನಲ್ಲಿ ನಡೆದ ಹಾಲಿನ ಪ್ರಯೋಗ ಉತ್ತಮ ನಿದರ್ಶನ. ಸುಮಾರು 20,000 ಶಾಲಾಮಕ್ಕಳಲ್ಲಿ 10,000 ಮಕ್ಕಳಿಗೆ ನಾಲ್ಕು ತಿಂಗಳ ಕಾಲ ಪ್ರತಿದಿನ ಹಾಲು ಕೊಟ್ಟು, ಉಳಿದ 10,000 ಮಕ್ಕಳನ್ನು ಹೋಲಿಕೆಗೆ ಇರಿಸಿಕೊಂಡು, ಎತ್ತರ ಮತ್ತು ತೂಕಗಳನ್ನು ಅಳೆಯಲಾಯಿತು. ಇಷ್ಟು ದೊಡ್ಡ ಪ್ರಮಾಣದ ಪ್ರಯೋಗವೂ ತನ್ನ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡಲಾರದೆ ಹೋಯಿತು. ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯೂ.ಎಸ್. ಗಾಸೆಟ್ 1931ರಲ್ಲಿ ಇದರ ಕಾರಣವನ್ನು ವಿವರಿಸಿದನು. ಮಕ್ಕಳನ್ನು ಮೊದಲು ಚೀಟಿಯಿಂದಲೋ ಅಕಾರಾದಿಯಿಂದಲೋ ಆರಿಸಿದ್ದರೂ, ಗುಂಪುಗಳು ಅಸಮವಾಗಿ ಕಂಡಲ್ಲಿ ಮಕ್ಕಳನ್ನು ಬದಲಿಸುವ ಸ್ವಾತಂತ್ರ್ಯ ಶಾಲೆಗಳಿಗಿತ್ತು. ಉಪಾಧ್ಯಾಯರ ಕರುಣೆ ಅಲ್ಲಿ ಕೆಲಸ ಮಾಡಿರಬೇಕು: ಬಡಕಲಾದ ಮಕ್ಕಳು ಹಾಲಿನ ಗುಂಪಿಗೆ ಹೆಚ್ಚಾಗಿ ಸೇರಿದರು. ಪರಿಣಾಮವಾಗಿ ಆರಂಭದಲ್ಲಿಯೇ ಹೋಲಿಕೆಯ ಗುಂಪಿನ ಮಕ್ಕಳು ಹಾಲು ಕುಡಿಯುವವರಿಗಿಂತ ಎತ್ತರವೂ ತೂಕವೂ ಉಳ್ಳವರಾಗಿದ್ದರು. ಇನ್ನೊಂದು ದೋಷ ಬಟ್ಟೆಯದು. ಮಕ್ಕಳನ್ನು ಬಟ್ಟೆಸಹಿತ ತೂಗಲಾಗಿತ್ತು. ಮೊದಲ ತೂಕ ಚಳಿಗಾಲದ್ದು, ಕೊನೆಯ ತೂಕ ಬೇಸಗೆಯದು. ಅನುಕೂಲಸ್ಥರ ಮಕ್ಕಳು ಈ ನಡುವೆ ಭಾರವಾದ ಉಡುಪನ್ನು ಕಳಚಿದ್ದರು. ಬಡವರ ಮಕ್ಕಳಿಗೆ ಕಳಚುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಶಿಕ್ಷಣಾಡಳಿತಗಾರನಾಗಲಿರುವವನಿಗೆ ಈ ಪ್ರಸಂಗಕ್ಕಿಂತ ಉತ್ತಮವಾದ ಮೊದಲ ಪಾಠ ಬೇರೆಯಿಲ್ಲ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಉಪಾಧ್ಯಾಯರದು ಒಳ್ಳೆಯ ಮನಸ್ಸೇ. ಆದರೆ ಒಳ್ಳೆಯ ಮನಸ್ಸು ಸಾಕ್ಷ್ಯದ ಸ್ಥಾನದಲ್ಲಿ ನಿಲ್ಲಲಾರದು. ಕರ್ನಾಟಕದಲ್ಲಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯಡಿ ಶಾಲಾಮಕ್ಕಳಿಗೆ ಹಾಲು ಕೊಡಲಾಗುತ್ತಿದೆ. ಆ ಹಾಲಿನ ಸಮರ್ಥನೆಗೆ ಪ್ರಯೋಗವೇ ಬೇಕೆಂದಿಲ್ಲ. ಹಸಿದ ಮಗುವಿಗೆ ಹಾಲು ಕೊಡುವುದು ನ್ಯಾಯದ ಮಾತು. ಆದರೆ ಹಾಲಿನಿಂದ ಹಾಜರಾತಿ ಹೆಚ್ಚಿತು, ಕಲಿಕೆ ಸುಧಾರಿಸಿತು ಎಂದು ವರದಿ ಬರೆಯುವ ಅಧಿಕಾರಿ ಲ್ಯಾನಾರ್ಕ್‌ಶೈರಿನ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ನ್ಯಾಯದ ಹೇಳಿಕೆ ಮತ್ತು ಪರಿಣಾಮದ ಹೇಳಿಕೆ ಇವೆರಡನ್ನು ಬೇರೆಯಾಗಿಡುವ ವಿವೇಕವೇ ಸಂಶೋಧನಾ ಕಲಿಕೆಯ ಮೊದಲ ಫಲ.

4

ಕರ್ನಾಟಕದ ಶಾಲಾ ಸುಧಾರಣೆಯ ಚರಿತ್ರೆಯಲ್ಲಿ ಇಂತಹ ಪರಿಶೀಲನೆಗೆ ಬೇಕಾದ ಸಾಮಗ್ರಿ ಸಮೃದ್ಧವಾಗಿದೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂದಾಗ ಬೆಳಗಾವಿ, ಕೋಲಾರ, ರಾಯಚೂರುಗಳ ಜೊತೆಗೆ ಮಂಡ್ಯವೂ ಇತ್ತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2002ರಲ್ಲಿ ಅಕ್ಷರ ದಾಸೋಹ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ತರಗತಿಗಳು ತೆರೆದವು. ಇವೆಲ್ಲವೂ ಹಂತಹಂತವಾಗಿ ಬಂದ ಬದಲಾವಣೆಗಳು. ಮೊದಲ ಹಂತದಲ್ಲಿ ಸೇರಿದ ಶಾಲೆಗಳು, ಇನ್ನೂ ಸೇರದ ಶಾಲೆಗಳು ಎಂಬ ವಿಭಾಗ ತಾನಾಗಿಯೇ ಒದಗಿಬಂದಿತ್ತು. ಅಂದರೆ ಹೋಲಿಕೆಯ ತಾಕುಗಳನ್ನು ಆಡಳಿತವೇ ಅರಿವಿಲ್ಲದೆ ನಿರ್ಮಿಸುತ್ತ ಬಂದಿದೆ. ಆರಂಭಕ್ಕೆ ಮುಂಚೆ ಎರಡೂ ಕಡೆಯ ಸ್ಥಿತಿಯನ್ನು ದಾಖಲಿಸುವ ತರಬೇತಿ ಅಧಿಕಾರಿಗಳಿಗಿದ್ದರೆ ಸಾಕು, ಪ್ರತಿಯೊಂದು ಯೋಜನೆಯೂ ಸಂಶೋಧನೆಯಾಗಬಲ್ಲದು.

ನಲಿ-ಕಲಿಯ ಚರಿತ್ರೆ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಯ ಬಹುವರ್ಗ ಬೋಧನೆಯನ್ನು ಕಂಡುಬಂದು, ಅದನ್ನು ಕನ್ನಡದ ಅಗತ್ಯಕ್ಕೆ ಹೊಂದಿಸಿಕೊಂಡು, ಕಲಿಕಾ ಏಣಿ ಮತ್ತು ಕಾರ್ಡುಗಳನ್ನು ತಾವೇ ರೂಪಿಸಿದರು. ವರ್ಣಮಾಲೆಯ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬಂತೆ ಬರೆಯಲು ಸುಲಭವಾದ ಅಕ್ಷರಗಳಿಂದ ತೊಡಗುವುದು ಈ ಪದ್ಧತಿಯ ಒಂದು ಪ್ರಮುಖ ನಿಲುವು. ಇದು ಮೂಲತಃ ಒಂದು ಪ್ರಾಕ್ಕಲ್ಪನೆ. ಹೀಗೆ ತೊಡಗಿದರೆ ಮಗು ಬೇಗ ಪದಗಳನ್ನು ಓದಬಲ್ಲದು ಎಂಬುದು ಅದರ ವಾದ. 2009-10ರಲ್ಲಿ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದು ತಾಲ್ಲೂಕಿನಲ್ಲಿ ಅದು ಉಪಾಧ್ಯಾಯರ ಪ್ರಶ್ನೆಯಾಗಿತ್ತು. ರಾಜ್ಯಮಟ್ಟದಲ್ಲಿ ಅದು ಆದೇಶವಾಯಿತು. ಕಾರ್ಡನ್ನು ತಿದ್ದುವ ಸ್ವಾತಂತ್ರ್ಯವಿದ್ದ ಉಪಾಧ್ಯಾಯನಿಗೂ ಕಾರ್ಡನ್ನು ಸ್ವೀಕರಿಸಿದ ಉಪಾಧ್ಯಾಯನಿಗೂ ಇರುವ ಅಂತರ ಸಣ್ಣದಲ್ಲ. ತಳಿಯೊಂದು ಮಂಡ್ಯದ ಮಣ್ಣಿನಲ್ಲಿ ಗೆದ್ದಿತೆಂದ ಮಾತ್ರಕ್ಕೆ ಅದನ್ನು ಮಲೆನಾಡಿಗೂ ಬಯಲುಸೀಮೆಗೂ ಶಿಫಾರಸು ಮಾಡುವ ಪರಿಪಾಠ ಕೃಷಿ ಸಂಶೋಧನೆಯಲ್ಲಿಲ್ಲ. ಹಲವು ಸ್ಥಳಗಳಲ್ಲಿ, ಹಲವು ಹಂಗಾಮುಗಳಲ್ಲಿ, ಕೊನೆಗೆ ರೈತರ ಹೊಲಗಳಲ್ಲಿಯೇ ಪರೀಕ್ಷಿಸಿದ ಮೇಲೆ ಬಿಡುಗಡೆಯ ಮಾತು. ಶಿಕ್ಷಣದಲ್ಲಿ ಬಿಡುಗಡೆ ಮೊದಲು, ಪರೀಕ್ಷೆ ಆಮೇಲೆ ಎಂಬಂತಾಗಿದೆ.

ಅಳತೆಗೋಲಿನ ಪ್ರಶ್ನೆಯೂ ಇಷ್ಟೇ ಮುಖ್ಯವಾದುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳನ್ನು ವೆಬ್‌ಕಾಸ್ಟಿಂಗ್ ಮೂಲಕ ವೀಕ್ಷಿಸುವ ವ್ಯವಸ್ಥೆ ಬಂದಿತ್ತು. ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೂ ಇಳಿಕೆ ಉಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಕಲಿಕೆ ಇಷ್ಟು ಕುಸಿಯಿತೆಂದು ಹೇಳುವುದು ಕಷ್ಟ. ಬದಲಾದದ್ದು ಮುಖ್ಯವಾಗಿ ಅಳೆಯುವ ಕ್ರಮ ಎಂದು ತಿಳಿಯುವುದೇ ಯುಕ್ತ. ಹಾಗಿದ್ದಲ್ಲಿ ಹಿಂದಿನ ವರ್ಷಗಳ ಶೇಕಡಾವಾರುಗಳನ್ನು ಆಧರಿಸಿ ಜಿಲ್ಲೆಗಳಿಗೆ ನೀಡಿದ ಸ್ಥಾನಗಳು, ಶಾಲೆಗಳಿಗೆ ಹೊರಿಸಿದ ಕೀರ್ತಿ ಅಪಕೀರ್ತಿಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ? ಫಲಿತಾಂಶ ಕಡಿಮೆಯಾದ ಶಾಲೆಯ ಮುಖ್ಯೋಪಾಧ್ಯಾಯರಿಗೆ ನೋಟೀಸು ಕೊಡುವ ಮೊದಲು ಅಧಿಕಾರಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬಟ್ಟೆಸಹಿತ ತೂಗಿದ ಮಕ್ಕಳ ಕಥೆ ಇಲ್ಲಿ ಬೇರೊಂದು ರೂಪದಲ್ಲಿ ಮರುಕಳಿಸಿದೆ.

5

ಇಷ್ಟರಮಟ್ಟಿಗೆ ಚರ್ಚೆ ಶಿಕ್ಷಣಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳಿಗೆ ಸಂಬಂಧಿಸಿದ್ದು, ಕನ್ನಡ ವಿಭಾಗಗಳಿಗೆ ಇದರಲ್ಲಿ ಏನು ಕೆಲಸ ಎಂಬ ಆಕ್ಷೇಪ ಬರಬಹುದು. ಮೊದಲನೆಯದಾಗಿ, ಕನ್ನಡ ಎಂ.ಎ. ಪದವೀಧರರಲ್ಲಿ ಬಹಳ ಮಂದಿ ಪ್ರೌಢಶಾಲಾ ಉಪಾಧ್ಯಾಯರೂ ಉಪನ್ಯಾಸಕರೂ ಆಗುತ್ತಾರೆ. ಅವರಲ್ಲಿ ಕೆಲವರು ಮುಖ್ಯೋಪಾಧ್ಯಾಯರಾಗಿ, ಶಿಕ್ಷಣಾಧಿಕಾರಿಗಳಾಗಿ ಆಡಳಿತಕ್ಕೆ ಬರುತ್ತಾರೆ. ಭಾವೀ ಆಡಳಿತಗಾರ ಕನ್ನಡ ತರಗತಿಯ ಬೆಂಚಿನಲ್ಲಿ ಈಗಾಗಲೇ ಕುಳಿತಿದ್ದಾನೆ. ಎರಡನೆಯದಾಗಿ, ಶಾಲೆಯ ಸಮಸ್ಯೆಗಳಲ್ಲಿ ದೊಡ್ಡ ಪಾಲು ಭಾಷೆಯ ಸಮಸ್ಯೆ. ಅದನ್ನು ಭಾಷೆಯ ತಿಳಿವಳಿಕೆಯಿಲ್ಲದೆ ಸಂಶೋಧಿಸಲು ಹೊರಟರೆ ಪ್ರಶ್ನೆಯೇ ತಪ್ಪುತ್ತದೆ.

ಮಂಡ್ಯ ಸೀಮೆಯ ಒಂದು ಉದಾಹರಣೆಯನ್ನು ನೋಡಬಹುದು. ಈ ಭಾಗದ ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗುತ್ತದೆ: ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ, ಹಕ್ಕಿಗೂ ಅಕ್ಕಿಗೂ ಉಚ್ಚಾರದಲ್ಲಿ ಭೇದವಿಲ್ಲ. ಶಾಲೆಗೆ ಬಂದ ಮಗು ತಾನು ಆಡುವಂತೆಯೇ ಬರೆಯುತ್ತದೆ. ಉಪಾಧ್ಯಾಯರು ತಿದ್ದುತ್ತಾರೆ. ತಿದ್ದಿಸಿಕೊಂಡ ಮಗು ಮುಂದೆ ಎಚ್ಚರ ವಹಿಸಿ ‘ಆನೆ’ಯನ್ನು ‘ಹಾನೆ’ ಎಂದು ಬರೆಯತೊಡಗುತ್ತದೆ. ತಪಾಸಣೆಯ ಕಣ್ಣಿಗೆ ಇವೆರಡೂ ಸಮಾನ ತಪ್ಪುಗಳು. ಎರಡಕ್ಕೂ ಒಂದೊಂದು ಅಂಕ ಕಡಿತ. ಮಗು ‘ಕಲಿಕೆಯಲ್ಲಿ ಹಿಂದುಳಿದವರ’ ಪಟ್ಟಿಗೆ. ಆದರೆ ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದ ಚರಿತ್ರೆಯನ್ನು ಬಲ್ಲವನಿಗೆ ‘ಆಲು’ ಅದೇ ದಾರಿಯ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ. ಅವನಿಗೆ ‘ಅಸು’ ಎಂಬುದು ಮಗುವಿನ ಕಿವಿ ಸರಿಯಾಗಿದೆ ಎಂಬುದರ ಗುರುತು; ‘ಹಾನೆ’ ಎಂಬುದು ನಿಯಮವೊಂದನ್ನು ಮಗು ಊಹಿಸಿಕೊಂಡು ಅತಿಯಾಗಿ ಅನ್ವಯಿಸುತ್ತಿದೆ ಎಂಬುದರ ಗುರುತು. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಮುಂದಿನ ಹಂತದ್ದು. ತಪ್ಪುಗಳ ಒಟ್ಟು ಸಂಖ್ಯೆಯನ್ನು ಮಾತ್ರ ಎಣಿಸುವ ಪರೀಕ್ಷೆಗೆ ಈ ಬೆಳವಣಿಗೆ ಕಾಣಿಸುವುದೇ ಇಲ್ಲ.

ಇದನ್ನು ಒಬ್ಬ ಭಾವೀ ಆಡಳಿತಗಾರ ತನ್ನ ಮೊದಲ ಸಂಶೋಧನೆಯಾಗಿ ಹೀಗೆ ಕೈಗೊಳ್ಳಬಹುದು. ಒಂದು ಸಮೂಹದ ಹತ್ತು ಹನ್ನೆರಡು ಶಾಲೆಗಳ ಮೂರನೆಯ ತರಗತಿಯ ಮಕ್ಕಳಿಂದ ಉಕ್ತಲೇಖನವನ್ನೂ ಸ್ವಂತ ಬರವಣಿಗೆಯನ್ನೂ ಮೊದಲು ಸಂಗ್ರಹಿಸುವುದು. ತಪ್ಪುಗಳನ್ನು ಆಡುಮಾತಿನಿಂದ ಬಂದವು, ಅತಿತಿದ್ದುವಿಕೆಯಿಂದ ಬಂದವು, ಉಳಿದವು ಎಂದು ವರ್ಗೀಕರಿಸುವುದು. ‘ಅಕ್ಕಿ-ಹಕ್ಕಿ’, ‘ಅಳು-ಹಳು’ ಮುಂತಾದ ಪದಯುಗ್ಮಗಳ ಮೂಲಕ ಮನೆಮಾತು ಮತ್ತು ಬರಹಗಳ ಭೇದವನ್ನು ಬಯ್ಗುಳವಿಲ್ಲದೆ ತಿಳಿಸುವ ಬೋಧನೆಯನ್ನು ಅರ್ಧ ಶಾಲೆಗಳಲ್ಲಿ ಈ ಅವಧಿಯಲ್ಲಿಯೂ ಉಳಿದ ಅರ್ಧದಲ್ಲಿ ಮುಂದಿನ ಅವಧಿಯಲ್ಲಿಯೂ ನಡೆಸುವುದು. ಯಾವ ಶಾಲೆ ಮೊದಲು ಎಂಬುದನ್ನು ಎಲ್ಲ ಮುಖ್ಯೋಪಾಧ್ಯಾಯರ ಎದುರಿನಲ್ಲಿ ಚೀಟಿ ಎತ್ತಿ ನಿರ್ಧರಿಸುವುದು. ಏನಾದರೆ ಯಶಸ್ಸು, ಏನಾದರೆ ಸೋಲು ಎಂಬುದನ್ನು ಮೊದಲೇ ಬರೆದಿಡುವುದು. ಅವಧಿಯ ಕೊನೆಯ ಬರವಣಿಗೆಗಳನ್ನು ಯಾವ ಶಾಲೆಯವೆಂದು ತಿಳಿಯದಂತೆ ಬೇರೊಬ್ಬ ಉಪಾಧ್ಯಾಯರಿಂದ ಪರಿಶೀಲಿಸುವುದು. ಇದಕ್ಕೆ ಕಂಪ್ಯೂಟರು ಬೇಕಿಲ್ಲ, ಅನುದಾನ ಬೇಕಿಲ್ಲ. ಬೇಕಾದದ್ದು ಕಾಗದ, ತಾಳ್ಮೆ ಮತ್ತು ಕನ್ನಡದ ಉಪಭಾಷೆಗಳ ಜ್ಞಾನ.

ಮೂರನೆಯದಾಗಿ, ಕನ್ನಡ ವಿದ್ವತ್ತಿನಲ್ಲಿ ಈ ಸಂಶೋಧನೆಗೆ ಬೇಕಾದ ಶಿಸ್ತು ಬೇರೆ ಹೆಸರಿನಲ್ಲಿ ಈಗಾಗಲೇ ಇದೆ. ಡಿ.ಎಲ್. ನರಸಿಂಹಾಚಾರ್ಯರು ಶಾಸ್ತ್ರರೂಪದಲ್ಲಿ ನಿರೂಪಿಸಿದ ಗ್ರಂಥ ಸಂಪಾದನೆಯ ಮೂಲ ನಿಯಮ ಯಾವುದು? ಸಂಪಾದಕನು ತಾನು ಒಪ್ಪಿದ ಪಾಠದ ಜೊತೆಗೆ ಒಪ್ಪದ ಪಾಠಾಂತರಗಳನ್ನೂ ಅಡಿಯಲ್ಲಿ ಕೊಡಬೇಕು. ಓದುಗನಿಗೆ ತನ್ನ ತೀರ್ಮಾನವನ್ನು ಪ್ರಶ್ನಿಸುವ ಸಾಧನವನ್ನು ತಾನೇ ಒದಗಿಸಬೇಕು. ಅನುಕೂಲವಾದ ಪಾಠವನ್ನು ಉಳಿಸಿ ಉಳಿದುದನ್ನು ಮುಚ್ಚಿಡುವವನನ್ನು ಕನ್ನಡದ ವಿದ್ವಲ್ಲೋಕ ಸಂಪಾದಕನೆಂದು ಒಪ್ಪುವುದಿಲ್ಲ. ಶಾಲಾ ಸುಧಾರಣೆಯ ವರದಿಗಳಲ್ಲಿ ಲೋಪವಾಗಿರುವುದು ಈ ಪಾಠಾಂತರಗಳೇ: ಯೋಜನೆ ಫಲ ಕೊಡದ ಶಾಲೆಗಳು, ಪರೀಕ್ಷೆಯ ದಿನ ಬಾರದ ಮಕ್ಕಳು, ಕಬ್ಬು ಕಟಾವಿನ ಕಾಲದಲ್ಲಿ ತಂದೆತಾಯಿಗಳೊಡನೆ ಬಂದು ಕಟಾವು ಮುಗಿದೊಡನೆ ಹೊರಟುಹೋಗುವ ಮಕ್ಕಳು. ಇವರನ್ನು ಬಿಟ್ಟು ತೆಗೆದ ಸರಾಸರಿ ಶುದ್ಧಪಾಠದಂತೆ ಕಾಣುತ್ತದೆ. ಆದರೆ ಅದು ಕಟ್ಟಿದ ಪಾಠ.

ಜಾನಪದ ಕ್ಷೇತ್ರಕಾರ್ಯವೂ ಇಂತಹುದೇ ಇನ್ನೊಂದು ಸಂಪತ್ತು. ಮಂಡ್ಯ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು ಉನ್ನತ ಆಡಳಿತಾಧಿಕಾರಿಯಾಗಿದ್ದುಕೊಂಡೇ ಹಳ್ಳಿಯ ಹಾಡುಗಾರರೆದುರು ಕೇಳುಗರಾಗಿ ಕುಳಿತವರು. ಅಧಿಕಾರಿ ಹೇಳುವವನಾಗಿರುವಷ್ಟು ಕಾಲ ಮಾಹಿತಿ ಹುಟ್ಟುವುದಿಲ್ಲ. ಕೇಳುವವನಾದಾಗಲೇ ಹುಟ್ಟುತ್ತದೆ ಎಂಬುದನ್ನು ಜಾನಪದ ಸಂಗ್ರಾಹಕರು ಬಲ್ಲರು. ಜೀಪಿನಿಂದ ಇಳಿದ ಅಧಿಕಾರಿಗೆ ಶಾಲೆ ಹೇಳುವುದು ಅವನು ಕೇಳಬಯಸಿದ್ದನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ-ಬೆಳಗಾವಿ ಸೀಮೆಯಲ್ಲಿ ಶಾಲಾ ತಪಾಸಣಾಧಿಕಾರಿಯಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಪರಂಪರೆಯನ್ನೂ ಇಲ್ಲಿ ನೆನೆಯಬೇಕು. ಉಪಾಧ್ಯಾಯರಿಗಾಗಿ ಕನ್ನಡದಲ್ಲಿ ಶಾಲಾ ಪತ್ರಿಕೆಯೊಂದು 1860ರ ದಶಕದಲ್ಲಿಯೇ ಹುಟ್ಟಿ, ‘ಜೀವನ ಶಿಕ್ಷಣ’ವಾಗಿ ಮುಂದುವರಿದದ್ದು ಆ ಪರಿಸರದಲ್ಲಿ. ಆಡಳಿತ, ಉಪಾಧ್ಯಾಯ ಮತ್ತು ಕನ್ನಡ ಬರವಣಿಗೆ ಇವು ಒಂದೆಡೆ ಸೇರಿದ್ದ ಕಾಲ ಅದು.

6

ಗದ್ದೆಯ ಹೋಲಿಕೆಗೆ ಮಿತಿಗಳಿವೆಯೆಂಬುದನ್ನು ಮರೆಯಬಾರದು. ಭತ್ತದ ಪೈರಿಗೆ ತನ್ನನ್ನು ಅಳೆಯುತ್ತಿದ್ದಾರೆಂಬ ಅರಿವಿಲ್ಲ, ಮಗುವಿಗೆ ಇದೆ. ಗೊಬ್ಬರವಿಲ್ಲದ ತಾಕು ಸೊರಗಿದರೆ ನಷ್ಟ ಒಂದು ಹಂಗಾಮಿನದು. ಉಪೇಕ್ಷಿತ ಮಗುವಿನ ವರ್ಷ ಮರಳಿ ಬರುವುದಿಲ್ಲ. ಆದುದರಿಂದ ಪ್ರಯೋಜನ ಖಚಿತವಾಗಿರುವ ಸೌಲಭ್ಯವನ್ನು ಪ್ರಯೋಗದ ಹೆಸರಿನಲ್ಲಿ ಯಾವ ಮಗುವಿಗೂ ನಿರಾಕರಿಸಬಾರದು. ಆದರೆ ಪ್ರಯೋಜನ ಖಚಿತವಿಲ್ಲದ ಯೋಜನೆಯನ್ನು ಎಲ್ಲ ಮಕ್ಕಳ ಮೇಲೂ ಒಮ್ಮೆಗೇ ಹೇರುವುದು ಹೆಚ್ಚು ನೈತಿಕವೆಂದು ಭಾವಿಸುವುದು ಸರಿಯಲ್ಲ. ಅದೂ ಪ್ರಯೋಗವೇ, ಹೋಲಿಕೆಯಿಲ್ಲದ, ದಾಖಲೆಯಿಲ್ಲದ, ಯಾರೂ ಉತ್ತರ ಹೇಳಬೇಕಿಲ್ಲದ ಪ್ರಯೋಗ. ಮಕ್ಕಳ ಸಂಖ್ಯೆ ಕಡಿಮೆಯಾದ ಕನ್ನಡ ಶಾಲೆಗಳ ವಿಲೀನ, ಬೋಧನಾ ಮಾಧ್ಯಮದ ಬದಲಾವಣೆ ಇಂತಹ ತೀರ್ಮಾನಗಳಲ್ಲಿ ಕನ್ನಡದ ಭವಿಷ್ಯವೇ ಅಡಗಿರುವಾಗ, ಪರವಿರೋಧದ ಘೋಷಣೆಗಳಿಗಿಂತ ಸಾಕ್ಷ್ಯದ ಅಗತ್ಯ ಕನ್ನಡಿಗರಿಗೇ ಹೆಚ್ಚು.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಬಹುದು. ಕನ್ನಡ ಎಂ.ಎ. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಶಾಲಾ ಭಾಷೆಯನ್ನು ಕುರಿತ ಒಂದು ಕ್ಷೇತ್ರಕಾರ್ಯ ಸೇರಬೇಕು. ಕನ್ನಡ ವಿಭಾಗಗಳೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳೂ ಕೂಡಿ ವರ್ಷಕ್ಕೊಂದು ಪ್ರಶ್ನೆಯನ್ನಾದರೂ ಆರಿಸಿಕೊಂಡು ಜಂಟಿಯಾಗಿ ಅಧ್ಯಯನ ನಡೆಸಬೇಕು. ಕ್ರಿಯಾ ಸಂಶೋಧನೆಯ ವರದಿಗಳನ್ನು ಸಂಖ್ಯೆಗಾಗಿ ಸಂಗ್ರಹಿಸದೆ, ಹೋಲಿಕೆಯ ಗುಂಪು ಮತ್ತು ಫಲಿಸದ ಅಂಶಗಳ ವಿವರಣೆಯನ್ನು ಕಡ್ಡಾಯಗೊಳಿಸಿ ಕನ್ನಡದಲ್ಲಿ ಪ್ರಕಟಿಸಬೇಕು. ಸಂಶೋಧನೆ ನಡೆಸುವ ಅಧಿಕಾರಿಯೇ ಆ ಶಾಲೆಗಳ ಕಾರ್ಯಮೌಲ್ಯಮಾಪನ ಮಾಡುವವನಾಗಿರಬಾರದು. ಇಲ್ಲವಾದರೆ ಉಪಾಧ್ಯಾಯರು ಸತ್ಯ ಹೇಳುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಮಂಡ್ಯದಂತಹ ಜಿಲ್ಲೆಯಲ್ಲಿ ಪ್ರಶಿಕ್ಷಣಾರ್ಥಿಗಳು ಒಂದು ಹಂಗಾಮಿನಲ್ಲಿ ಕೆಲವು ದಿನಗಳಾದರೂ ಪಕ್ಕದ ಸಂಶೋಧನಾ ಗದ್ದೆಗೆ ಹೋಗಿ, ತಾಕುಗಳನ್ನು ಹೇಗೆ ಗುರುತಿಸುತ್ತಾರೆ, ದಿನಚರಿಯಲ್ಲಿ ಏನನ್ನು ಬರೆಯುತ್ತಾರೆ, ಕೈಬಿಟ್ಟ ತಳಿಗಳ ದಾಖಲೆಯನ್ನು ಏಕೆ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕು.

ರಾಗಿಯ ಹೂವು ಅತಿ ಸಣ್ಣದು, ಸ್ವಕೀಯ ಪರಾಗಸ್ಪರ್ಶದ್ದು. ಅದನ್ನು ಸಂಕರಗೊಳಿಸುವುದು ಬಹಳ ಸೂಕ್ಷ್ಮವಾದ ಕೆಲಸ. ಇಂಡಾಫ್ ತಳಿಗಳ ಹಿಂದೆ ಇರುವುದು ಅಂತಹ ಅಸಂಖ್ಯ ಸೂಕ್ಷ್ಮ ಪ್ರಯತ್ನಗಳು ಮತ್ತು ಫಲಿಸದ ಪ್ರತಿಯೊಂದು ಪ್ರಯತ್ನವನ್ನೂ ಲೆಕ್ಕಕ್ಕೆ ಹಿಡಿದ ಪ್ರಾಮಾಣಿಕತೆ. ಶಾಲೆಯನ್ನು ಸುಧಾರಿಸಹೊರಟ ಆಡಳಿತಗಾರನಿಂದ ಅಪೇಕ್ಷಿಸಬೇಕಾದದ್ದೂ ಇದನ್ನೇ. ಆತ ಆದೇಶ ಹೊರಡಿಸುವ ಮೊದಲು ಪ್ರಶ್ನೆ ಕೇಳುವುದನ್ನು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದನ್ನು, ಉತ್ತರ ತನಗೆ ವಿರುದ್ಧವಾಗಿ ಬಂದಾಗ ಅದನ್ನು ಬರೆದಿಡುವುದನ್ನು ಕಲಿಯಬೇಕು. ಆ ಬರೆದಿಡುವ ಭಾಷೆ ಕನ್ನಡವಾಗಬೇಕಾದರೆ ಕನ್ನಡ ವಿಭಾಗಗಳು ಈ ಕಲಿಕೆಯ ಹೊರಗೆ ಉಳಿಯುವಂತಿಲ್ಲ.